ಹಳೆಯ ಮಿನಿಕಂಪ್ಯೂಟರುಗಳ ಪವರ್ ಸಪ್ಲೈ: ಬಗೆಗಳು ಮತ್ತು ಗುರುತಿಸುವ ಕ್ರಮ

ಗೋಡೆಯ ಪ್ಲಗ್ಗಿನಿಂದ ಬರುವ ಎ.ಸಿ. ಕರೆಂಟನ್ನು ಯಂತ್ರದೊಳಗಿನ ಸರ್ಕ್ಯೂಟುಗಳು ತಾಳಿಕೊಳ್ಳುವ ಸ್ಥಿರ ಡಿ.ಸಿ. ವೋಲ್ಟೇಜುಗಳಾಗಿ ಮಾಡಿಕೊಡುವ ಭಾಗಕ್ಕೆ ಪವರ್ ಸಪ್ಲೈ ಎನ್ನುತ್ತಾರೆ. 1960ರ ದಶಕದ ನಡುವಿನಿಂದ 1980ರ ದಶಕದ ಕೊನೆಯವರೆಗೆ ತಯಾರಾದ ಮಿನಿಕಂಪ್ಯೂಟರುಗಳಲ್ಲಿ, ಅವುಗಳ ಜೊತೆಗಿದ್ದ ಡಿಸ್ಕ್, ಟೇಪ್, ಟರ್ಮಿನಲ್, ಪ್ರಿಂಟರುಗಳಲ್ಲಿ ಮೂರು ಮೂಲ ಬಗೆಯ ಪವರ್ ಸಪ್ಲೈಗಳು ಸಿಗುತ್ತವೆ: ಲೀನಿಯರ್, ಫೆರೋರೆಸೊನೆಂಟ್ ಮತ್ತು ಸ್ವಿಚಿಂಗ್. ಇವುಗಳನ್ನು ಕೂಡಿಸಿ ಮಾಡಿದ ಬೆರಕೆ ಬಗೆಯೊಂದು ನಾಲ್ಕನೆಯದು. ಹೊರಗಿನಿಂದ ನೋಡಿದರೆ ನಾಲ್ಕೂ ತಗಡಿನ ಪೆಟ್ಟಿಗೆಗಳೇ. ಆದರೆ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಯಂತ್ರಕ್ಕೆ ಮತ್ತೆ ಕರೆಂಟ್ ಕೊಡುವಾಗ ಲೀನಿಯರ್ ಸಪ್ಲೈಗೆ ಹಿತವಾದ ಕ್ರಮ ಸ್ವಿಚಿಂಗ್ ಸಪ್ಲೈಯನ್ನು ಸುಟ್ಟುಹಾಕಬಹುದು. 60 ಹರ್ಟ್ಜ್‌ಗೆ ಮಾಡಿದ ಫೆರೋರೆಸೊನೆಂಟ್ ಸಪ್ಲೈ ನಮ್ಮ 50 ಹರ್ಟ್ಜ್ ಕರೆಂಟಿನಲ್ಲಿ ಎಷ್ಟು ರಿಪೇರಿ ಮಾಡಿದರೂ ಸರಿಯಾದ ವೋಲ್ಟೇಜು ಕೊಡುವುದಿಲ್ಲ. ಆದ್ದರಿಂದ ಬಗೆಯನ್ನು ಗುರುತಿಸುವುದು ದುರಸ್ತಿಯ ಮೊದಲ ಮೆಟ್ಟಿಲು.

ಈ ಲೇಖನ ಆ ಗುರುತುಗಳನ್ನು ಸಾಮಾನ್ಯವಾಗಿ ವಿವರಿಸುತ್ತದೆ. ಜೊತೆಗೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ವಿದ್ಯುತ್ ಪರಿಸ್ಥಿತಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತದೆ. ಕರ್ನಾಟಕದ ಈ ಗಡಿಭಾಗದಲ್ಲಿ 2013ರ ಕೊನೆಯವರೆಗೆ ಎರಡು ಬೇರೆ ಬೇರೆ ವಿದ್ಯುತ್ ಜಾಲಗಳು ಎದುರುಬದುರಾಗಿದ್ದವು. ಕರೆಂಟಿನ ಫ್ರೀಕ್ವೆನ್ಸಿ ಒಂದು ಯಂತ್ರದ ಮೇಲೆ ಏನು ಮಾಡುತ್ತದೆ ಎಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹಿನ್ನೆಲೆ

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಅಂದರೆ ಡೆಕ್, 1965ರಲ್ಲಿ ಹೊರತಂದ ಪಿಡಿಪಿ-8 ಮಿನಿಕಂಪ್ಯೂಟರ್ ಯುಗವನ್ನು ಆರಂಭಿಸಿದ ಯಂತ್ರವೆಂದು ಹೆಸರಾಗಿದೆ. 1970ರಲ್ಲಿ ಪಿಡಿಪಿ-11, 1977ರಲ್ಲಿ ವ್ಯಾಕ್ಸ್-11/780 ಬಂದವು. ಡೇಟಾ ಜನರಲ್ ಕಂಪನಿಯ ನೋವಾ, ಹ್ಯೂಲೆಟ್ ಪ್ಯಾಕರ್ಡ್‌ನ 2100 ಸರಣಿ ಇದೇ ಕಾಲದವು.

ಭಾರತದಲ್ಲಿ ಹೈದರಾಬಾದಿನ ಇಸಿಐಎಲ್ 1969ರಲ್ಲಿ ಟಿಡಿಸಿ-12, 1970ರ ದಶಕದ ನಡುವಿನಲ್ಲಿ ಟಿಡಿಸಿ-312 ಮತ್ತು ಟಿಡಿಸಿ-316 ಯಂತ್ರಗಳನ್ನು ತಯಾರಿಸಿತು. 1978ರಲ್ಲಿ ಐಬಿಎಂ ದೇಶ ಬಿಟ್ಟ ಮೇಲೆ ಸ್ವದೇಶಿ ತಯಾರಕರಿಗೆ ದಾರಿ ತೆರೆಯಿತು. ಬೆಂಗಳೂರಿನಿಂದ ವಿಪ್ರೋ 1980ರ ದಶಕದ ಆರಂಭದಲ್ಲಿ ತನ್ನ ಮಿನಿಕಂಪ್ಯೂಟರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಇನ್ಫೋಸಿಸ್ ತನ್ನ ಆರಂಭದ ದಿನಗಳಲ್ಲಿ ಬೆಂಗಳೂರಿಗೆ ತರಿಸಿಕೊಂಡದ್ದು ಡೇಟಾ ಜನರಲ್ ಎಂವಿ/8000. 1985ರಲ್ಲಿ ದೆಹಲಿಯಲ್ಲಿ ಶುರುವಾದ ರೈಲ್ವೆಯ ಕಂಪ್ಯೂಟರ್ ರಿಸರ್ವೇಷನ್ ವ್ಯಾಕ್ಸ್ ಯಂತ್ರಗಳ ಮೇಲೆ ನಡೆಯಿತು. ಹೀಗೆ ಹೊರದೇಶದ 115 ವೋಲ್ಟ್, 60 ಹರ್ಟ್ಜ್ ಲೋಕದಲ್ಲಿ ಹುಟ್ಟಿದ ಯಂತ್ರಗಳೂ ಇಲ್ಲಿನ 230 ವೋಲ್ಟ್, 50 ಹರ್ಟ್ಜ್‌ಗೆ ಹುಟ್ಟಿದ ಯಂತ್ರಗಳೂ ಒಂದೇ ದೇಶದಲ್ಲಿ ದುಡಿದವು. ಇಂದು ಹಳೆಯ ಯಂತ್ರ ಕೈಗೆ ಬಂದವರ ಮುಂದೆ ಏಳುವ ಮೊದಲ ಪ್ರಶ್ನೆಯೂ ಅದೇ: ಇದು ಯಾವ ಕರೆಂಟಿಗೆ ಹುಟ್ಟಿದ್ದು?

ಲೀನಿಯರ್ ಸಪ್ಲೈ

ಇದು ಅತ್ಯಂತ ಹಳೆಯ ಬಗೆ. ದೊಡ್ಡ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಮೊದಲು ವೋಲ್ಟೇಜನ್ನು ಇಳಿಸುತ್ತದೆ. ಡಯೋಡುಗಳು ಅದನ್ನು ಡಿ.ಸಿ. ಮಾಡುತ್ತವೆ. ಕ್ಯಾನ್‌ನಂಥ ದಪ್ಪ ಕಂಡೆನ್ಸರುಗಳು ಏರಿಳಿತವನ್ನು ಸಮಗೊಳಿಸುತ್ತವೆ. ಕೊನೆಗೆ ಪವರ್ ಟ್ರಾನ್ಸಿಸ್ಟರುಗಳು ಬೇಕಾದ ವೋಲ್ಟೇಜಿನಷ್ಟನ್ನು ಮಾತ್ರ ಮುಂದಕ್ಕೆ ಬಿಟ್ಟು ಉಳಿದದ್ದನ್ನು ಶಾಖವಾಗಿ ಹೊರಹಾಕುತ್ತವೆ.

ಈ ಶಾಖದ ಲೆಕ್ಕವೇ ಬಗೆಯ ಮಿತಿಯನ್ನು ಹೇಳುತ್ತದೆ. ಟ್ರಾನ್ಸಿಸ್ಟರಿಗೆ 9 ವೋಲ್ಟ್ ಬಂದು ಅದು 5 ವೋಲ್ಟ್ ಕೊಡಬೇಕಾದರೆ ನಡುವಿನ 4 ವೋಲ್ಟ್ ವ್ಯರ್ಥ. 25 ಆಂಪಿಯರ್ ಹರಿಯುವಾಗ ಸರ್ಕ್ಯೂಟಿಗೆ 125 ವಾಟ್ ತಲುಪಿದರೆ 100 ವಾಟ್ ಬರೀ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಲೀನಿಯರ್ ಸಪ್ಲೈಯ ಹಿಂಭಾಗದಲ್ಲಿ ಅಲ್ಯೂಮಿನಿಯಮ್ಮಿನ ಅಗಲವಾದ ಹೀಟ್‌ಸಿಂಕ್, ಅದರ ಮೇಲೆ ಸಾಲಾಗಿ ಕೂತ ಲೋಹದ ಟೋಪಿಯ ಟ್ರಾನ್ಸಿಸ್ಟರುಗಳು, ಪಕ್ಕದಲ್ಲಿ ಗಟ್ಟಿ ಫ್ಯಾನ್ ಕಾಣುತ್ತವೆ.

ಗುರುತುಗಳು ಹೀಗಿವೆ. ಒಬ್ಬರೇ ಎತ್ತಲು ಹೆಣಗುವಷ್ಟು ಭಾರ, ಆ ಭಾರವೂ ಟ್ರಾನ್ಸ್‌ಫಾರ್ಮರ್ ಇರುವ ಒಂದು ಮೂಲೆಗೇ ವಾಲಿರುತ್ತದೆ. ಕಂಡೆನ್ಸರುಗಳು ಕಡಿಮೆ ವೋಲ್ಟೇಜಿನವು, ಆದರೆ ಹತ್ತಾರು ಸಾವಿರ ಮೈಕ್ರೋಫ್ಯಾರಡ್ ಸಾಮರ್ಥ್ಯದವು. ತಲೆಯ ಮೇಲೆ ಸ್ಕ್ರೂ ಟರ್ಮಿನಲ್ ಇರುತ್ತವೆ. ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಪಟ್ಟಿಯಲ್ಲಿ 100, 115, 200, 230 ಎಂಬಂತೆ ಹಲವು ಟ್ಯಾಪುಗಳಿರಬಹುದು. ಎರಡು ಪ್ರೈಮರಿ ಸುರುಳಿಗಳಿದ್ದರೆ 115 ವೋಲ್ಟಿಗೆ ಅವನ್ನು ಪ್ಯಾರಲಲ್, 230ಕ್ಕೆ ಸೀರಿಸ್ ಜೋಡಿಸಿರುತ್ತಾರೆ. ಇಂಥ ಪೆಟ್ಟಿಗೆಯ ಫ್ಯಾನಿನ ಮೇಲೆ 115 ವೋಲ್ಟ್ ಎಂದು ಬರೆದಿದ್ದರೆ ಗಾಬರಿಯಾಗಬೇಕಿಲ್ಲ: ಸೀರಿಸ್ ಜೋಡಣೆಯಲ್ಲಿ ಒಂದು ಸುರುಳಿಯ ತುದಿಗಳಿಂದಲೇ ಫ್ಯಾನಿಗೆ 115 ವೋಲ್ಟ್ ಸಿಗುತ್ತದೆ. ಫ್ಯಾನಿನ ಚೀಟಿ ನೋಡಿ ಇಡೀ ಯಂತ್ರ 115 ವೋಲ್ಟಿನದೆಂದು ತೀರ್ಮಾನಿಸುವುದು ಸಾಮಾನ್ಯವಾದ ತಪ್ಪು.

ಫೆರೋರೆಸೊನೆಂಟ್ ಸಪ್ಲೈ

ಈ ಬಗೆಯ ಹಿಂದಿನ ತತ್ತ್ವ ಭಾರತದ ಯಾವ ಕಂಪ್ಯೂಟರ್ ಕೋಣೆಗೂ ಹೊಸದಲ್ಲ. ಸಿ.ವಿ.ಟಿ. ಎಂದು ಕರೆಯುವ ಕಾನ್‌ಸ್ಟಂಟ್ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಅದೇ. ಶಿಕಾಗೋದ ಜೋಸೆಫ್ ಸೋಲಾ 1930ರ ದಶಕದ ಕೊನೆಯಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಒಂದು ಭಾಗವನ್ನು ಬೇಕೆಂದೇ ಕಾಂತತೆಯಲ್ಲಿ ತುಂಬಿ ತುಳುಕುವಂತೆ ಇಟ್ಟು, ಒಂದು ಸುರುಳಿಗೆ ಎ.ಸಿ. ಕಂಡೆನ್ಸರ್ ಕಟ್ಟಿ ಅನುರಣಿಸುವಂತೆ ಮಾಡುತ್ತಾರೆ. ತುಂಬಿದ ಕೆರೆಗೆ ಮಳೆ ಹೆಚ್ಚಾದರೂ ಕೋಡಿಯ ಮಟ್ಟ ಏರದ ಹಾಗೆ, ಒಳಬರುವ ವೋಲ್ಟೇಜು ಏರಿದರೂ ಇಳಿದರೂ ಹೊರಹೋಗುವ ವೋಲ್ಟೇಜು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಚಲಿಸುವ ಭಾಗವಿಲ್ಲ, ಟ್ರಾನ್ಸಿಸ್ಟರ್ ಇಲ್ಲ. ಹೊರೆ ಮಿತಿಮೀರಿದರೆ ವೋಲ್ಟೇಜು ತಾನಾಗಿ ಕುಸಿಯುವುದರಿಂದ ಶಾರ್ಟ್ ಆದರೂ ಸುಲಭವಾಗಿ ಸುಡುವುದಿಲ್ಲ.

ಇದರ ದೋಷ ಒಂದೇ, ಆದರೆ ದೊಡ್ಡದು: ಇದು ಫ್ರೀಕ್ವೆನ್ಸಿಗೆ ಬಗ್ಗುತ್ತದೆ. ಫ್ರೀಕ್ವೆನ್ಸಿ ಶೇ. 1ರಷ್ಟು ಬದಲಾದರೆ ಹೊರವೋಲ್ಟೇಜು ಸುಮಾರು ಶೇ. 1.5ರಷ್ಟು ಅದೇ ದಿಕ್ಕಿನಲ್ಲಿ ಬದಲಾಗುತ್ತದೆ.

ಗುರುತುಗಳು: ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಎಣ್ಣೆ ತುಂಬಿದ, ಮೊಟ್ಟೆಯಾಕಾರದ ಬಾಯಿಯುಳ್ಳ ಲೋಹದ ಕಂಡೆನ್ಸರ್. ಅದರ ಮೇಲೆ ಕೆಲವೇ ಮೈಕ್ರೋಫ್ಯಾರಡ್ ಮತ್ತು ನೂರಾರು ವೋಲ್ಟ್ 'ಎ.ಸಿ.' ಎಂದು ಬರೆದಿರುತ್ತದೆ. ಪಂಪ್‌ಸೆಟ್ ಮೋಟಾರುಗಳ ರನ್ನಿಂಗ್ ಕಂಡೆನ್ಸರ್ ಕಂಡವರಿಗೆ ಇದು ಅದರ ಬಂಧುವೆಂದು ಕೂಡಲೇ ಹೊಳೆಯುತ್ತದೆ. ಲೀನಿಯರ್ ಸಪ್ಲೈಯ ಡಿ.ಸಿ. ಕಂಡೆನ್ಸರಿಗೆ ಪ್ಲಸ್ ಮೈನಸ್ ಇರುತ್ತದೆ, ಇದಕ್ಕೆ ಇರುವುದಿಲ್ಲ. ಎರಡು ತಂತಿಗಳು ಟ್ರಾನ್ಸ್‌ಫಾರ್ಮರಿನಿಂದ ಹೊರಟು ಈ ಕಂಡೆನ್ಸರಿಗೆ ಮಾತ್ರ ಹೋಗಿ ನಿಂತಿದ್ದರೆ ಅನುಮಾನ ಉಳಿಯುವುದಿಲ್ಲ. ಚಾಲೂ ಆದಾಗ ಗುಂಯ್‌ಗುಡುವ ಸದ್ದು ಜೋರು. ಹೊರೆ ಇಲ್ಲದಿದ್ದರೂ ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಇದನ್ನು ದೋಷವೆಂದು ತಿಳಿದು ಬಿಚ್ಚಿ ರಿವೈಂಡಿಂಗ್‌ಗೆ ಕೊಟ್ಟರೆ ಚೆನ್ನಾಗಿದ್ದ ಟ್ರಾನ್ಸ್‌ಫಾರ್ಮರೂ ಕೆಡುತ್ತದೆ, ಏಕೆಂದರೆ ಅದರ ಸುತ್ತುಗಳ ಲೆಕ್ಕ, ಕಬ್ಬಿಣದ ನಡುವಿನ ಸಂದಿ ಎಲ್ಲವೂ ಒಂದೇ ಫ್ರೀಕ್ವೆನ್ಸಿಗೆ ಹೊಂದಿಸಿದವು.

ನೇಮ್‌ಪ್ಲೇಟಿನಲ್ಲಿ ಇನ್ನೊಂದು ಸುಳಿವು ಇದೆ. ಲೀನಿಯರ್ ಅಥವಾ ಸ್ವಿಚಿಂಗ್ ಸಪ್ಲೈಯ ಮೇಲೆ '47–63 ಹರ್ಟ್ಜ್' ಎಂಬಂತೆ ಅಗಲವಾದ ವ್ಯಾಪ್ತಿ ಬರೆದಿರುವುದು ರೂಢಿ. ಬರೇ '60 ಹರ್ಟ್ಜ್' ಅಥವಾ ಬರೇ '50 ಹರ್ಟ್ಜ್' ಎಂದಿದ್ದರೆ ಒಳಗೆ ಫೆರೋರೆಸೊನೆಂಟ್ ಟ್ರಾನ್ಸ್‌ಫಾರ್ಮರ್ ಅಥವಾ ಎ.ಸಿ. ಮೋಟಾರ್ ಇರಬಹುದೆಂದು ಎಚ್ಚರಗೊಳ್ಳಬೇಕು.

ಸ್ವಿಚಿಂಗ್ ಸಪ್ಲೈ

ಎಸ್‌ಎಂಪಿಎಸ್ ಎಂಬ ಹೆಸರಿನಲ್ಲಿ ಇಂದು ಎಲ್ಲರಿಗೂ ಗೊತ್ತಿರುವುದು ಇದು. ಗೋಡೆಯ ಕರೆಂಟನ್ನು ಮೊದಲು ಇಳಿಸದೆ ನೇರವಾಗಿ ಡಿ.ಸಿ. ಮಾಡುತ್ತಾರೆ: 230 ವೋಲ್ಟ್ ಎ.ಸಿ.ಯಿಂದ ಸುಮಾರು 325 ವೋಲ್ಟ್ ಡಿ.ಸಿ. ಅದನ್ನು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತವೆ. ಹಳೆಯ ಸಪ್ಲೈಗಳಲ್ಲಿ ಸುಮಾರು 20 ಕಿಲೋಹರ್ಟ್ಜ್ ವೇಗ, ಅಂದರೆ ಮನುಷ್ಯನ ಕಿವಿಯ ಮಿತಿಯ ಅಂಚು. ಅಷ್ಟು ವೇಗದಲ್ಲಿ ಕಬ್ಬಿಣದ ಬದಲು ಫೆರೈಟಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಸಾಕು. ಭಾರ ಇಳಿಯಿತು, ಶಾಖ ಇಳಿಯಿತು, ಫ್ರೀಕ್ವೆನ್ಸಿಯ ಹಂಗು ಹೋಯಿತು. 1970ರ ದಶಕದಲ್ಲಿ ಅಮೆರಿಕದ ರಾಬರ್ಟ್ ಬೋಶರ್ಟ್ ಇಂಥ ಸಪ್ಲೈಗಳನ್ನು ಅಗ್ಗಗೊಳಿಸಿದವರಲ್ಲಿ ಪ್ರಮುಖ. 1977ರ ಆ್ಯಪಲ್ II ಯಂತ್ರದಲ್ಲಿ ರಾಡ್ ಹೋಲ್ಟ್ ರೂಪಿಸಿದ 38 ವಾಟಿನ ಸ್ವಿಚಿಂಗ್ ಸಪ್ಲೈ ಇದನ್ನು ಮೇಜಿನ ಮೇಲಿನ ಕಂಪ್ಯೂಟರಿಗೂ ತಂದಿತು. ಮಿನಿಕಂಪ್ಯೂಟರುಗಳಲ್ಲಿ 1980ರ ದಶಕದ ಹೊತ್ತಿಗೆ ಇದೇ ನಿಯಮವಾಯಿತು. ಡೆಕ್‌ನ ಮೈಕ್ರೋವ್ಯಾಕ್ಸ್ ಕೂತಿದ್ದ ಬಿಎ23 ಪೆಟ್ಟಿಗೆಯ ಎಚ್7864 ಸಪ್ಲೈ 5 ವೋಲ್ಟಿಗೆ 36 ಆಂಪಿಯರ್, 12 ವೋಲ್ಟಿಗೆ 7 ಆಂಪಿಯರ್, ಒಟ್ಟು 230 ವಾಟ್ ಮೀರದಂತೆ ಕೊಡುತ್ತಿತ್ತು. ಅದೇ ಕೆಲಸಕ್ಕೆ ಲೀನಿಯರ್ ಸಪ್ಲೈ ಆಗಿದ್ದರೆ ಪೆಟ್ಟಿಗೆಯ ಅರ್ಧ ಅದೇ ತುಂಬುತ್ತಿತ್ತು.

ಗುರುತುಗಳು: ಗಾತ್ರಕ್ಕೆ ಹೋಲಿಸಿದರೆ ಹಗುರ. 200 ಅಥವಾ 250 ವೋಲ್ಟ್ ಎಂದು ಬರೆದ ಎರಡು ಕಂಡೆನ್ಸರುಗಳು ಅವಳಿಗಳಂತೆ ನಿಂತಿರುತ್ತವೆ. ಹಳದಿ ಟೇಪು ಸುತ್ತಿದ ಪುಟ್ಟ ಟ್ರಾನ್ಸ್‌ಫಾರ್ಮರ್, ತಾಮ್ರದ ದಪ್ಪ ಪಟ್ಟಿಯ ಸುರುಳಿಗಳು, ಕರೆಂಟ್ ಒಳಬರುವ ಕಡೆ ಲೋಹದ ಫಿಲ್ಟರ್. 115/230 ಬದಲಿಸುವ ಸ್ಲೈಡ್ ಸ್ವಿಚ್ ಅಥವಾ ಜಂಪರ್ ಇದ್ದರೆ ಅದು ಸಾಮಾನ್ಯವಾಗಿ ವೋಲ್ಟೇಜ್ ಡಬ್ಲರಿನದು. 115ರ ಸ್ಥಾನದಲ್ಲಿ ಸರ್ಕ್ಯೂಟ್ ಬರುವ ವೋಲ್ಟೇಜನ್ನು ಇಮ್ಮಡಿಸುತ್ತದೆ, 230ರಲ್ಲಿ ಇಮ್ಮಡಿಸುವುದಿಲ್ಲ. ಎರಡರಲ್ಲೂ ಕಂಡೆನ್ಸರ್ ಜೋಡಿಗೆ ಸುಮಾರು 325 ವೋಲ್ಟೇ ಸಿಗುತ್ತದೆ. ಅಮೆರಿಕದಿಂದ ಬಂದ ಯಂತ್ರದ ಸ್ವಿಚ್ 115ರಲ್ಲಿಯೇ ಇರುವಾಗ ನಮ್ಮ ಪ್ಲಗ್ಗಿಗೆ ಹಾಕಿದರೆ ಅದು 650 ವೋಲ್ಟಿನತ್ತ ಏರುತ್ತದೆ. ಕಂಡೆನ್ಸರುಗಳು ಸಿಡಿಯುವುದಕ್ಕೆ ಕ್ಷಣವೂ ಬೇಡ.

ಬೆರಕೆ ಬಗೆ

ಬರಿಗಣ್ಣಿಗೆ ಅತಿ ಹೆಚ್ಚು ಮೋಸ ಮಾಡುವುದು ಇದು. ಪಿಡಿಪಿ-11 ಯಂತ್ರಗಳ ದೊಡ್ಡ ಪೆಟ್ಟಿಗೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಎಚ್7420ರಂಥ ಸಪ್ಲೈಯಲ್ಲಿ ಮೊದಲು ಕಬ್ಬಿಣದ ಭಾರಿ ಟ್ರಾನ್ಸ್‌ಫಾರ್ಮರ್ ಗೋಡೆಯ ಕರೆಂಟನ್ನು 20–30 ವೋಲ್ಟ್ ಎ.ಸಿ.ಗೆ ಇಳಿಸುತ್ತದೆ. ಆಮೇಲೆ ಅದು ಇಟ್ಟಿಗೆಯಾಕಾರದ ರೆಗ್ಯುಲೇಟರ್ ಮಾಡ್ಯೂಲುಗಳಿಗೆ ಹಂಚಿಹೋಗುತ್ತದೆ: ಎಚ್744 +5 ವೋಲ್ಟಿಗೆ 25 ಆಂಪಿಯರ್ ಕೊಡುತ್ತದೆ, ಎಚ್745 −15 ವೋಲ್ಟ್ ಕೊಡುತ್ತದೆ, ಎಚ್754 ಕೋರ್ ಮೆಮೊರಿಗೆ ಬೇಕಾದ +20 ಮತ್ತು −5 ವೋಲ್ಟ್ ಕೊಡುತ್ತದೆ. ಈ ಮಾಡ್ಯೂಲುಗಳು ತಮ್ಮೊಳಗೆ ಡಿ.ಸಿ. ಮಾಡಿಕೊಂಡು ಅದನ್ನು ಕತ್ತರಿಸಿ ಇಳಿಸುವ ಸ್ವಿಚಿಂಗ್ ರೆಗ್ಯುಲೇಟರುಗಳು. ಟ್ರಾನ್ಸ್‌ಫಾರ್ಮರಿನ ಭಾರ ನೋಡಿ ಲೀನಿಯರ್ ಎಂದುಕೊಂಡವರು ಮಾಡ್ಯೂಲಿನೊಳಗಿನ ಸುರುಳಿ ಕಂಡಾಗ ತೀರ್ಪು ಬದಲಿಸಬೇಕಾಗುತ್ತದೆ.

ಬೆರಕೆಯ ಲಾಭ ದುರಸ್ತಿಯಲ್ಲಿ ಕಾಣುತ್ತದೆ. ಮಾಡ್ಯೂಲನ್ನು ಬಿಚ್ಚಿ, ಸಾಧಾರಣ 24 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ಬೆಂಚಿನ ಮೇಲೆಯೇ ಒಂದೊಂದಾಗಿ ಪರೀಕ್ಷಿಸಬಹುದು. 325 ವೋಲ್ಟಿನ ಅಪಾಯ ಇಲ್ಲಿಲ್ಲ.

ಗುರುತಿಸುವ ಕ್ರಮ

ಪ್ಲಗ್ ಹಾಕುವ ಮುನ್ನವೇ ಬಹುಪಾಲು ಕೆಲಸ ಮುಗಿಯುತ್ತದೆ. ಮೊದಲು ನೇಮ್‌ಪ್ಲೇಟ್: ವೋಲ್ಟೇಜು, ಫ್ರೀಕ್ವೆನ್ಸಿಯ ವ್ಯಾಪ್ತಿ, ಆಂಪಿಯರ್, ಫೇಸುಗಳ ಸಂಖ್ಯೆ. ವ್ಯಾಕ್ಸ್-11/780ರಂಥ ದೊಡ್ಡ ಯಂತ್ರಗಳು ತ್ರಿಫೇಸ್ ಬೇಡುತ್ತವೆ. ಎರಡನೆಯದು ತೂಕ ಮತ್ತು ಅದು ಎಲ್ಲಿ ಕೂಡಿದೆ ಎಂಬುದು. ಮೂರನೆಯದು ಕಂಡೆನ್ಸರುಗಳ ಬರಹ: ಸಾವಿರಾರು ಮೈಕ್ರೋಫ್ಯಾರಡ್ ಮತ್ತು ಕಡಿಮೆ ಡಿ.ಸಿ. ವೋಲ್ಟ್ ಇದ್ದರೆ ಲೀನಿಯರ್ ಅಥವಾ ಬೆರಕೆ. ಎಣ್ಣೆ ತುಂಬಿದ ಎ.ಸಿ. ಕಂಡೆನ್ಸರ್ ಇದ್ದರೆ ಫೆರೋರೆಸೊನೆಂಟ್. 200 ವೋಲ್ಟಿನ ಅವಳಿ ಇದ್ದರೆ ಸ್ವಿಚಿಂಗ್.

ನಾಲ್ಕನೆಯದು ಮಲ್ಟಿಮೀಟರಿನ ಸಾಕ್ಷಿ. ಪ್ಲಗ್ ಹೊರಗಿಟ್ಟು ಯಂತ್ರದ ಸ್ವಿಚ್ ಆನ್ ಮಾಡಿ, ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಕಾಲುಗಳ ನಡುವೆ ಓಮ್ ಅಳೆಯಬೇಕು. ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇದ್ದರೆ ಕೆಲವೇ ಓಮ್ ಕಾಣುತ್ತದೆ. ನೇರ ಸ್ವಿಚಿಂಗ್ ಸಪ್ಲೈಯಲ್ಲಿ ಬಹಳ ದೊಡ್ಡ ಅಂಕಿ ಬರುತ್ತದೆ. ನಡುವೆ ಪವರ್ ಕಂಟ್ರೋಲರಿನ ಕಾಂಟ್ಯಾಕ್ಟರ್ ಇದ್ದರೆ ಈ ಅಳತೆ ಸಪ್ಲೈಯದಾಗಿರುವುದಿಲ್ಲ. ಆಗ ಸಪ್ಲೈಯ ಸ್ವಂತ ತಂತಿಯಲ್ಲೇ ಅಳೆಯಬೇಕು.

ರಿಪೇರಿ ಅಂಗಡಿಗಳಲ್ಲಿ ಎಲ್ಲದಕ್ಕೂ ಮೊದಲು ಹಿಡಿಯುವ ಸೀರಿಸ್ ಬಲ್ಬ್ ಇಲ್ಲೂ ಮಾತಾಡುತ್ತದೆ, ಆದರೆ ಅದರ ಭಾಷೆ ಬಗೆಗೆ ತಕ್ಕಂತೆ ಬೇರೆ. ಹೊರೆ ಇಲ್ಲದ ಲೀನಿಯರ್ ಸಪ್ಲೈಯಲ್ಲಿ ಬಲ್ಬು ಕ್ಷಣ ಹೊತ್ತಿ ಮಂದವಾಗುತ್ತದೆ. ಸ್ವಿಚಿಂಗ್ ಸಪ್ಲೈಯಲ್ಲಿ ಜೋರಾಗಿ ಮಿಂಚಿ ಆರುತ್ತದೆ, ಇಲ್ಲವೇ ಉಸಿರಾಡಿದಂತೆ ಹೊತ್ತಿ ಆರಿ ಮಾಡುತ್ತದೆ. ಫೆರೋರೆಸೊನೆಂಟ್ ಹೊರೆ ಇಲ್ಲದೆಯೂ ಸಾಕಷ್ಟು ಕರೆಂಟ್ ಎಳೆಯುವುದರಿಂದ ಬಲ್ಬು ಉರಿಯುತ್ತಲೇ ಇರಬಹುದು. ಅದನ್ನು ಶಾರ್ಟ್ ಎಂದು ಓದಬಾರದು.

ಕೊನೆಯದು ಬ್ಯಾಕ್‌ಪ್ಲೇನಿಗೆ ಹೋಗುವ ವೋಲ್ಟೇಜುಗಳ ಪಟ್ಟಿ. ಇದು ಸಪ್ಲೈಯ ಬಗೆಗಿಂತ ಹೆಚ್ಚಾಗಿ ಯಂತ್ರದ ಕಾಲವನ್ನು ಹೇಳುತ್ತದೆ. +20 ಮತ್ತು −5 ಜೋಡಿ ಕೋರ್ ಮೆಮೊರಿಯ ಸೂಚನೆ. +12, +5, −5 ಮೂರೂ ಇದ್ದರೆ 4116 ಬಗೆಯ ಚಿಪ್ಪುಗಳ ಮೆಮೊರಿ ಇರಬಹುದು. ಅಂಥ ಚಿಪ್ಪುಗಳಿಗೆ −5 ಇಲ್ಲದೆ +12 ಬಂದರೆ ಅವು ಸಾಯುತ್ತವೆ. ವ್ಯಾಕ್ಸ್-11/750ರಲ್ಲಿ +5ರ ಜೊತೆ +2.5 ವೋಲ್ಟ್ ಕಾಣುವುದು ಅದರ ಗೇಟ್ ಅರೇ ಚಿಪ್ಪುಗಳಿಗಾಗಿ. −5.2 ವೋಲ್ಟ್ ಇಸಿಎಲ್ ತರ್ಕದ ಗುರುತು.

ಜೊತೆಯ ಉಪಕರಣಗಳು

ಸಪ್ಲೈ ಸರಿಹೋದರೂ ಉಪಕರಣ ಫ್ರೀಕ್ವೆನ್ಸಿಯ ಬಲೆಯಲ್ಲಿ ಸಿಕ್ಕಿರಬಹುದು, ಏಕೆಂದರೆ ಹಲವು ಉಪಕರಣಗಳಲ್ಲಿ ಮೋಟಾರು ಪವರ್ ಸಪ್ಲೈಯನ್ನು ದಾಟಿ ನೇರ ಗೋಡೆಯ ಎ.ಸಿ.ಯ ಮೇಲೆ ಓಡುತ್ತದೆ. 8 ಇಂಚಿನ ಫ್ಲಾಪಿ ಡ್ರೈವುಗಳಲ್ಲಿ ಹೆಸರಾದ ಶುಗಾರ್ಟ್ ಎಸ್ಎ800ಕ್ಕೆ +24, +5 ಮತ್ತು ಒಂದು ಮೈನಸ್ ವೋಲ್ಟೇಜಿನ ಜೊತೆ ಮೋಟಾರಿಗೆ ಎ.ಸಿ. ಬೇಕು. ಬೆಲ್ಟ್ ಹಾಕುವ ರಾಟೆ 50 ಹರ್ಟ್ಜ್‌ಗೆ ಒಂದು ಅಳತೆ, 60ಕ್ಕೆ ಇನ್ನೊಂದು. ರಾಟೆ ಬದಲಿಸದೆ ನಡೆಸಿದರೆ ಡಿಸ್ಕ್ ಆರನೇ ಒಂದು ಪಾಲು ನಿಧಾನವಾಗಿ ತಿರುಗುತ್ತದೆ. ಎಲ್ಲ ವೋಲ್ಟೇಜು ಸರಿಯಾಗಿದ್ದರೂ ಓದುವುದಿಲ್ಲ. 5.25 ಇಂಚಿನ ಡ್ರೈವುಗಳಲ್ಲಿ +5 ಮತ್ತು +12 ಮಾತ್ರ, ಮೋಟಾರೂ ಡಿ.ಸಿ.ಯದು, ಈ ತೊಡಕು ಅಲ್ಲಿಲ್ಲ.

ಎಎಸ್‌ಆರ್-33 ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಮುದ್ರಿಸುವ ಯಂತ್ರ. ಅದರ ವೇಗ ಮೋಟಾರಿನ ಗೇರುಗಳಿಂದ ಬರುತ್ತದೆ. 50 ಮತ್ತು 60 ಹರ್ಟ್ಜ್‌ಗೆ ಗೇರ್ ಜೋಡಿಗಳು ಬೇರೆ. ಕಂಪ್ಯೂಟರಿನೊಡನೆ ಅದು ಮಾತಾಡುವುದು 20 ಮಿಲಿಆಂಪಿಯರಿನ ಕರೆಂಟ್ ಲೂಪಿನಲ್ಲಿ. ಆ ಕರೆಂಟನ್ನು ಯಾವ ತುದಿ ಕೊಡುತ್ತದೆ ಎಂದು ನೋಡಿಕೊಳ್ಳಬೇಕು. ಡೆಕ್‌ನ ಆರ್‌ಕೆ05 ಡಿಸ್ಕಿನಲ್ಲಿ ಕರೆಂಟ್ ಹೋದಾಗ ಹೆಡ್ಡುಗಳನ್ನು ಹಿಂದಕ್ಕೆ ಎಳೆದುಕೊಳ್ಳಲು ರೀಚಾರ್ಜ್ ಆಗುವ ಬ್ಯಾಟರಿ ಇರುತ್ತದೆ. ಸಪ್ಲೈಯನ್ನು ಪರೀಕ್ಷಿಸಿದವರು ಆ ಬ್ಯಾಟರಿ ಮರೆತರೆ, ಲೈಟ್ ಹೋದ ಮೊದಲ ಸಲವೇ ಹೆಡ್ಡು ತಟ್ಟೆಯ ಮೇಲೆ ಕೂರುತ್ತದೆ. 1978ರ ವಿಟಿ100 ಟರ್ಮಿನಲ್ಲಿನಲ್ಲಿ ಸ್ವಿಚಿಂಗ್ ಸಪ್ಲೈ ಇದೆ. ಟರ್ಮಿನಲ್ಲುಗಳಲ್ಲಿ ಸಪ್ಲೈಗಿಂತ ಪಿಕ್ಚರ್ ಟ್ಯೂಬಿನ ಸಾವಿರಾರು ವೋಲ್ಟಿಗೆ ಹೆಚ್ಚು ಹೆದರಬೇಕು.

ಗಡಿಸೀಮೆಯ ಫ್ರೀಕ್ವೆನ್ಸಿ

ಚಿಕ್ಕೋಡಿ ಸೀಮೆಗೆ ಇಂದು ಕರೆಂಟು ಬರುವುದು ಹೆಸ್ಕಾಂ ಮೂಲಕ, ಅಂದರೆ ಕರ್ನಾಟಕದ, ಆ ಮೂಲಕ ದಕ್ಷಿಣ ಭಾರತದ ಜಾಲದಿಂದ. ನಿಪ್ಪಾಣಿ ದಾಟಿ ಕಾಗಲ, ಕೊಲ್ಹಾಪುರಕ್ಕೆ ಹೋದರೆ ಪಶ್ಚಿಮ ಭಾರತದ ಜಾಲ. ಕಾಗವಾಡದಿಂದ ಮೀರಜಕ್ಕೆ ಹೋದರೂ ಅಷ್ಟೇ. ಸಂತೆಗೆ, ಆಸ್ಪತ್ರೆಗೆ, ಬಿಡಿಭಾಗ ತರಲಿಕ್ಕೆ ಜನ ದಿನನಿತ್ಯ ದಾಟುವ ಈ ಗಡಿಯಲ್ಲಿ ಕರೆಂಟು ಮಾತ್ರ ಬೆರೆಯುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ದಕ್ಷಿಣ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದಾಯಿತು. ಅದಕ್ಕೆ ಮುಂಚೆ ಎರಡೂ ಕಡೆ 50 ಹರ್ಟ್ಜ್ ಎಂದೇ ಹೆಸರು, ಆದರೆ ಯಾವ ಕ್ಷಣದಲ್ಲೂ ಎರಡರ ನಿಜವಾದ ಫ್ರೀಕ್ವೆನ್ಸಿ ಬೇರೆ ಬೇರೆ. ಚಿಕ್ಕೋಡಿ–ಕೊಲ್ಹಾಪುರ 220 ಕಿಲೋವೋಲ್ಟ್ ಮಾರ್ಗದಂಥ ತಂತಿಗಳಿದ್ದರೂ ಎರಡು ಜಾಲಗಳನ್ನು ಅವುಗಳಿಂದ ನೇರ ಹೊಲಿಯುವಂತಿರಲಿಲ್ಲ. ಒಂದು ಪ್ರದೇಶದ ಹೊರೆಯನ್ನು ಈಚೆಯ ಜಾಲದಿಂದ ಪೂರ್ತಿ ಬಿಡಿಸಿ ಆಚೆಯ ಜಾಲಕ್ಕೆ ಕಟ್ಟಬೇಕಿತ್ತು.

1990ರ ದಶಕದಲ್ಲಿ ಬೇಡಿಕೆ ಹೆಚ್ಚಿ ಉತ್ಪಾದನೆ ಸಾಲದಾದಾಗ ದಕ್ಷಿಣ ಜಾಲದ ಫ್ರೀಕ್ವೆನ್ಸಿ 48 ಹರ್ಟ್ಜ್ ಸಮೀಪಕ್ಕೆ ಇಳಿಯುತ್ತಿತ್ತು. 2003ರ ಜನವರಿಯಲ್ಲಿ ಇಲ್ಲಿ ಜಾರಿಗೆ ಬಂದ ಲಭ್ಯತೆ ಆಧಾರಿತ ದರಪದ್ಧತಿ, ಅಂದರೆ ಫ್ರೀಕ್ವೆನ್ಸಿಗೆ ತಕ್ಕಂತೆ ಕರೆಂಟಿನ ದರ ಬದಲಿಸುವ ಏರ್ಪಾಡಿನ ನಂತರ ಅದು ಹತೋಟಿಗೆ ಬಂತು. 48 ಎಂದರೆ ಶೇ. 4ರ ಇಳಿತ. ಬಲ್ಬಿಗೆ ಅದು ತಿಳಿಯುವುದಿಲ್ಲ. ಫೆರೋರೆಸೊನೆಂಟ್ ಸಪ್ಲೈಗೆ ತಿಳಿಯುತ್ತದೆ: ಶೇ. 6ರಷ್ಟು ಇಳಿದರೆ 5 ವೋಲ್ಟ್ 4.70 ಆಗುತ್ತದೆ. ಆ ಕಾಲದ 74 ಸರಣಿಯ ಟಿಟಿಎಲ್ ಚಿಪ್ಪುಗಳು 4.75ಕ್ಕಿಂತ ಕೆಳಗೆ ಸರಿಯಾಗಿ ನಡೆಯುವ ಭರವಸೆ ಇಲ್ಲ. ಮುಂದೆ ಇನ್ನೊಂದು ರೆಗ್ಯುಲೇಟರ್ ಇಲ್ಲದೆ ನೇರ ಫೆರೋರೆಸೊನೆಂಟಿನಿಂದ ನಡೆಯುವ ಯಂತ್ರ ಇಂಥ ಸಂಜೆಗಳಲ್ಲಿ ಕಾರಣ ಹೇಳದೆ ತಪ್ಪುತ್ತದೆ. ಬೆಳಿಗ್ಗೆ ಮೀಟರ್ ಹಿಡಿದರೆ ಎಲ್ಲ ಸರಿ ಇರುತ್ತದೆ.

ಎರಡನೆಯ ಪರಿಣಾಮ ಗಡಿಯಾರದ ಮೇಲೆ. ಪಿಡಿಪಿ-11ರಂಥ ಯಂತ್ರಗಳು ಹೊತ್ತನ್ನು ಎಣಿಸಲು ಗೋಡೆಯ ಎ.ಸಿ.ಯ ಅಲೆಗಳನ್ನೇ ಬಳಸುತ್ತವೆ. ಪವರ್ ಸಪ್ಲೈಯಿಂದ ಲೈನ್ ಕ್ಲಾಕ್ ಸಂಕೇತವೊಂದು ಹೊರಟು ಪ್ರತಿ ಅಲೆಗೂ ಪ್ರೊಸೆಸರನ್ನು ತಟ್ಟುತ್ತದೆ. ದಿನವಿಡೀ ಫ್ರೀಕ್ವೆನ್ಸಿ 49 ಇದ್ದರೆ ಗಡಿಯಾರ ಸುಮಾರು 29 ನಿಮಿಷ ಹಿಂದೆ ಬೀಳುತ್ತದೆ. ಹಳೆಯ ಸಪ್ಲೈ ತೆಗೆದು ಪೇಟೆಯ ಹೊಸ ಎಸ್‌ಎಂಪಿಎಸ್ ಹಾಕಿದವರಿಗೆ ಗಡಿಯಾರವೇ ನಿಂತುಹೋಗುವುದು ಈ ಸಂಕೇತ ಬಿಟ್ಟುಹೋದಾಗ. ಕರೆಂಟ್ ಹೋಗಲಿದೆ ಎಂದು ಮುನ್ಸೂಚನೆ ಕೊಡುವ ಎಸಿ ಲೋ, ಡಿಸಿ ಲೋ ಸಂಕೇತಗಳೂ ಸಪ್ಲೈಯಿಂದಲೇ ಬರಬೇಕು. ಬದಲಿ ಹಾಕುವ ಮುನ್ನ ಹಳೆಯದು ವೋಲ್ಟೇಜಿನ ಹೊರತು ಇನ್ನೇನು ಕೊಡುತ್ತಿತ್ತು ಎಂದು ಪಟ್ಟಿ ಮಾಡಬೇಕಾದದ್ದು ಇದಕ್ಕೆ.

ಜನರೇಟರ್ ಮತ್ತು ಸಕ್ಕರೆ ಕಾರ್ಖಾನೆಯ ಕರೆಂಟಿಗೂ ಇದೇ ಮಾತು. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್‌ನಿಂದ ಹಿಡಿದು ಈ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳು ಹಲವು. ಕಬ್ಬು ನುರಿಸುವ ಹಂಗಾಮಿನಲ್ಲಿ ಬಗ್ಯಾಸ್ ಸುಟ್ಟು ಟರ್ಬೈನ್ ತಿರುಗಿಸಿ ಸ್ವಂತ ಕರೆಂಟ್ ಮಾಡಿಕೊಳ್ಳುವುದು ಇಂಥ ಕಾರ್ಖಾನೆಗಳ ರೂಢಿ. ಜಾಲದಿಂದ ಬಿಡಿಸಿಕೊಂಡಾಗ ಅಲ್ಲಿನ ಫ್ರೀಕ್ವೆನ್ಸಿ ಟರ್ಬೈನಿನ ಗವರ್ನರ್ ಹೇಳಿದಂತೆ. ಡೀಸೆಲ್ ಜನರೇಟರಿನ ಮೇಲೆ ಹೊರೆ ಬಿದ್ದಾಗಲೂ ಫ್ರೀಕ್ವೆನ್ಸಿ ಕುಗ್ಗುತ್ತದೆ. ಇಂಥ ಕಡೆ ಸ್ವಿಚಿಂಗ್ ಸಪ್ಲೈ ನಿಶ್ಚಿಂತೆ. ಫೆರೋರೆಸೊನೆಂಟಿಗೆ ಮೊದಲು ಫ್ರೀಕ್ವೆನ್ಸಿ ಮೀಟರ್ ನೋಡಬೇಕು.

ಹೊರಗೆ ಸಿ.ವಿ.ಟಿ. ಇಟ್ಟು ಒಳಗೆ ಸ್ವಿಚಿಂಗ್ ಸಪ್ಲೈ ಇರುವ ಜೋಡಿ ಭಾರತದ ಕಚೇರಿಗಳಲ್ಲಿ ಸಾಮಾನ್ಯವಾಗಿತ್ತು. ಯಂತ್ರ ಶುರುವಾಗುವ ಕ್ಷಣದಲ್ಲಿ ಸ್ವಿಚಿಂಗ್ ಸಪ್ಲೈ ಒಮ್ಮೆಲೇ ಕರೆಂಟ್ ಎಳೆಯುತ್ತದೆ, ಸಿ.ವಿ.ಟಿ. ಚಿಕ್ಕದಾಗಿದ್ದರೆ ಅಷ್ಟಕ್ಕೇ ಕುಸಿಯುತ್ತದೆ, ಯಂತ್ರ ಶುರುವಾಗುವುದಿಲ್ಲ. ಯಂತ್ರ ಕೆಟ್ಟಿದೆ ಎಂದು ಬಿಚ್ಚುವ ಮುನ್ನ ಸಿ.ವಿ.ಟಿ.ಯ ಸಾಮರ್ಥ್ಯ ನೋಡಿದರೆ ಎಷ್ಟೋ ಕೆಲಸ ಉಳಿಯುತ್ತದೆ.

ಮೊದಲ ಚಾಲನೆ

ಬಗೆ ತಿಳಿದ ಮೇಲೆ ಮೊದಲ ಚಾಲನೆಯ ಕ್ರಮ ತಾನಾಗಿ ಗೊತ್ತಾಗುತ್ತದೆ. ಲೀನಿಯರ್ ಸಪ್ಲೈಯನ್ನು ಲಾಜಿಕ್ ಬೋರ್ಡುಗಳಿಂದ ಬಿಡಿಸಿ, ಡಿಮ್ಮರ್‌ಸ್ಟ್ಯಾಟ್ ಮೂಲಕ ವೋಲ್ಟೇಜನ್ನು ಮೆಲ್ಲಗೆ ಏರಿಸಬಹುದು. ವರ್ಷಗಟ್ಟಲೆ ಒಣಗಿದ ಕಂಡೆನ್ಸರಿನ ಆಕ್ಸೈಡ್ ಪದರ ಮತ್ತೆ ಕಟ್ಟಿಕೊಳ್ಳಲು ಅದು ಸಮಯ ಕೊಡುತ್ತದೆ. ಫೆರೋರೆಸೊನೆಂಟಿಗೆ ಮೆಲ್ಲಗೆ ಏರಿಸಿ ಲಾಭವಿಲ್ಲ: ಅರ್ಧ ದಾರಿಯವರೆಗೆ ಸುಮ್ಮನಿದ್ದು ಒಮ್ಮೆಲೇ ಅನುರಣನಕ್ಕೆ ಜಿಗಿದು ಪೂರ್ತಿ ವೋಲ್ಟೇಜು ಕೊಡುತ್ತದೆ. ಅದರ ಡಿ.ಸಿ. ಕಂಡೆನ್ಸರುಗಳನ್ನು ಬಿಡಿಸಿ ಬೇರೆಯಾಗಿ ಪಕ್ವಗೊಳಿಸಬೇಕು.

ಸ್ವಿಚಿಂಗ್ ಸಪ್ಲೈಗೆ ಡಿಮ್ಮರ್‌ಸ್ಟ್ಯಾಟ್ ಅಪಾಯ. ಒಳವೋಲ್ಟೇಜು ಕಡಿಮೆಯಾದಷ್ಟೂ ಅದು ಅದೇ ಶಕ್ತಿ ಕೊಡಲು ಹೆಚ್ಚು ಕರೆಂಟ್ ಎಳೆಯುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ತಡೆಯುವ ಸರ್ಕ್ಯೂಟ್ ಇಲ್ಲದ ಹಳೆಯ ಸಪ್ಲೈಗಳ ಟ್ರಾನ್ಸಿಸ್ಟರುಗಳು ಇದರಿಂದ ಸುಡುತ್ತವೆ. ಹೊರೆ ಇಲ್ಲದೆ ನಡೆಸುವುದೂ ಸಲ್ಲ. ಹಲವು ಸಪ್ಲೈಗಳಿಗೆ ಕನಿಷ್ಠ ಹೊರೆ ಬೇಕು. ಕಾರಿನ ಹೆಡ್‌ಲೈಟ್ ಬಲ್ಬು ಅಥವಾ ದಪ್ಪ ರೆಸಿಸ್ಟರ್ ಕಟ್ಟಿ ಪರೀಕ್ಷಿಸುತ್ತಾರೆ. ಒಳಬರುವ ಕಡೆಯ ಫಿಲ್ಟರಿನಲ್ಲಿರುವ ಕಾಗದದ ಕಂಡೆನ್ಸರುಗಳ ಪಾರದರ್ಶಕ ಮೈಯಲ್ಲಿ ಬಿರುಕು ಕಂಡರೆ ಚಾಲೂ ಮಾಡುವ ಮುನ್ನವೇ ತೆಗೆಯಬೇಕು. ತೇವ ಕುಡಿದ ಅವು ಕೆಲವೇ ನಿಮಿಷದಲ್ಲಿ ಹೊಗೆಯುಗುಳುತ್ತವೆ.

ಪ್ಲಗ್ ತೆಗೆದ ಮೇಲೂ 325 ವೋಲ್ಟಿನ ಕಂಡೆನ್ಸರ್ ಚಾರ್ಜ್ ಹಿಡಿದಿರುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಿ ಮೀಟರಿನಲ್ಲಿ ಖಚಿತಪಡಿಸಿಕೊಂಡೇ ಕೈ ಹಾಕಬೇಕು. ಅರ್ಥಿಂಗ್ ಇಲ್ಲದ ಸಾಕೆಟ್ಟಿನಲ್ಲಿ ಫಿಲ್ಟರ್ ಇರುವ ಯಂತ್ರದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ, ಏಕೆಂದರೆ ಫಿಲ್ಟರಿನ ಕಂಡೆನ್ಸರುಗಳು ಚಾಸಿಯನ್ನು ಫೇಸಿಗೂ ನ್ಯೂಟ್ರಲಿಗೂ ನಡುವೆ, ಅರ್ಧ ವೋಲ್ಟೇಜಿನಲ್ಲಿ ತೂಗಾಡಿಸುತ್ತವೆ. ಕೃಷ್ಣಾ ತೀರದ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಬಿರಿದಾಗ ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗೂ ಸೋಲುತ್ತದೆ. ಇದ್ದಿಲು, ಉಪ್ಪು ಹಾಕಿದ ಅರ್ಥ್ ಗುಂಡಿಗೆ ನೀರು ಹೊಯ್ದು, ಅಳೆದು, ಆಮೇಲೆ ಯಂತ್ರದ ಪ್ಲಗ್ ಹಾಕುವುದು ಕ್ಷೇಮ.

ದಾಖಲೆ

ಗುರುತಿಸಿದ ಮೇಲೆ ಸಪ್ಲೈಯ ಮೇಲೊಂದು ಚೀಟಿ ಅಂಟಿಸುವುದು ರಕ್ಷಣೆಯ ಭಾಗ. ಬಗೆ, ಟ್ಯಾಪ್ ಅಥವಾ ಸ್ವಿಚ್ ಇರುವ ಸ್ಥಾನ, ಹುಟ್ಟಿದ ಫ್ರೀಕ್ವೆನ್ಸಿ, ಕನಿಷ್ಠ ಹೊರೆ, ಹೊರಹೋಗುವ ವೋಲ್ಟೇಜುಗಳು, ಗಡಿಯಾರದ ಮತ್ತು ಮುನ್ಸೂಚನೆಯ ಸಂಕೇತಗಳು, ಅಳತೆ ಮಾಡಿದ ದಿನ ಮತ್ತು ಆ ಹೊತ್ತಿನ ಗೋಡೆಯ ಫ್ರೀಕ್ವೆನ್ಸಿ: ಇಷ್ಟು ಸಾಕು. ಕೊನೆಯ ಅಂಕಿ ಹೆಚ್ಚಿನ ದಾಖಲೆಗಳಲ್ಲಿ ಇರುವುದಿಲ್ಲ. ನಿಪ್ಪಾಣಿಯ ಈಚೆಗೂ ಆಚೆಗೂ ಒಂದೇ ಯಂತ್ರ ಬೇರೆ ಬೇರೆ ವೋಲ್ಟೇಜು ತೋರಿಸಬಹುದಾಗಿದ್ದ ಕಾಲದ ಅಳತೆಗಳನ್ನು ಓದುವಾಗ ಆ ಒಂದು ಅಂಕಿಯಿಲ್ಲದೆ ಸಪ್ಲೈಯ ದೋಷ ಯಾವುದು, ಜಾಲದ ದೋಷ ಯಾವುದು ಎಂದು ಬಿಡಿಸಲು ಬರುವುದಿಲ್ಲ.